ಅರವತ್ತೊಂದನೆಯವರ ಸಹಿ

ಇಂದ:
ಅರ್ಜಿದಾರಳು, ವಯಸ್ಸು ಹತ್ತೊಂಬತ್ತು,
ವೃತ್ತಿ: ಗಾಲ್ಫ್ ಆಟ, ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಅಭ್ಯಾಸದ ಮೈದಾನದಲ್ಲಿ ಚೆಂಡು ಹೆಕ್ಕುವ ಕೆಲಸ,
ಸದ್ಯದ ವಿಳಾಸ: ಕಾರ್ಡು ಒಪ್ಪಿಸುವ ಕೋಣೆಯ ಹೊರಗಿನ ಬೆಂಚು, ಎಡತುದಿ.

ಗೆ:
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ವೃತ್ತಿಪರರ ಟೂರ್ನಿಯ ನಿಯಮ ಸಮಿತಿ,
ಅದೇ ಕೋಣೆಯ ಒಳಗೆ.

ವಿಷಯ: ತಾನು ಸೋಲಿಸಿದವರ ಸಹಿ ತಂದರೆ ಮಾತ್ರ ತಾನು ಆಡಿದಂತೆ ಎಂಬ ನಿಯಮದಿಂದ ಅರ್ಜಿದಾರಳಿಗೆ ಆಗಿರುವ ತೊಂದರೆಯನ್ನು ನಾಳೆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷದೊಳಗೆ ನಿವಾರಿಸುವ ಕುರಿತು.

ಉಲ್ಲೇಖ: 1) ಸಮಿತಿಯ ನಿಯಮ ಪುಸ್ತಕ, ನಿಯಮ ಹನ್ನೊಂದು.
2) ಈ ದಿನ ಶುಕ್ರವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿದ "ಆಗಲ್ಲ".
3) ನಾಲ್ಕೂ ಮೂವತ್ತೈದಕ್ಕೆ ಅದೇ ಗುಮಾಸ್ತರು ಹೇಳಿದ "ಹೇಳಿದ್ನಲ್ಲಮ್ಮ, ಆಗಲ್ಲ".

ಮಾನ್ಯರೇ,

ಕೋಣೆಯ ಬಾಗಿಲು ಮುಚ್ಚಿರುವ ಕಾರಣ, ಬಾಗಿಲ ಸಂದಿಯಲ್ಲಿ ಮನುಷ್ಯರು ತೂರದೆ ಕಾಗದ ಮಾತ್ರ ತೂರುವ ಕಾರಣ, ಅರ್ಜಿದಾರಳು ಈ ಕಾಗದವಾಗಿ ಒಳಗೆ ಬಂದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಈ ಟೂರ್ನಿಯನ್ನು ಎಲ್ಲರೂ ಬಾಯಲ್ಲಿ "ಗಂಡಸರ ಟೂರ್ನಿ" ಎಂದೇ ಕರೆಯುತ್ತಾರಾದರೂ ನಿಯಮ ಪುಸ್ತಕದ ತೊಂಬತ್ತಾರು ಪುಟಗಳಲ್ಲಿ ಎಲ್ಲಿಯೂ ಹಾಗೆಂದು ಬರೆದಿಲ್ಲ. ಹೆಂಗಸೊಬ್ಬಳು ಬರಬಹುದೆಂದು ಯಾರಿಗೂ ಹೊಳೆಯದ ಕಾರಣ ಬೇಲಿ ಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆದ್ದರಿಂದ ಅರ್ಜಿದಾರಳು ಅರ್ಹತಾ ಸುತ್ತಿನಲ್ಲಿ ತೊಂಬತ್ತು ಮಂದಿಯೊಡನೆ ಆಡಿ, ಇದ್ದ ಎಂಟು ಸ್ಥಾನಗಳಲ್ಲಿ ಆರನೆಯದನ್ನು ಪಡೆದು, ಹಿತ್ತಿಲಿನಿಂದಲ್ಲ, ತಲೆಬಾಗಿಲಿನಿಂದಲೇ ಬಂದಳು. ಪ್ರವೇಶ ಪತ್ರದಲ್ಲಿ ಅಚ್ಚಾಗಿದ್ದ "ಶ್ರೀ" ಎಂಬುದನ್ನು ಅವಳು ಹಾಗೇ ಬಿಟ್ಟಳು. ತಿದ್ದಿದ ಪತ್ರ ಸಲ್ಲದೆಂದು ಅದರ ಕೆಳಗೇ ಬರೆದಿತ್ತು.

2. ಗಂಡಸರ ಹೊಡೆತದ ಅನುಭವ ಅವಳಿಗಿದೆಯೇ ಎಂದು ಸಮಿತಿಯ ಕಾರ್ಯದರ್ಶಿಗಳು ಮೊದಲ ದಿನ ಕೇಳಿದ್ದರು. ಇದೆ. ಅಭ್ಯಾಸದ ಮೈದಾನದಲ್ಲಿ ಚದುರಿಬಿದ್ದ ಚೆಂಡುಗಳನ್ನು ಅವಳು ಸುತ್ತಲೂ ಕಬ್ಬಿಣದ ಬಲೆ ಬಿಗಿದ ಗಾಡಿಯಲ್ಲಿ ಕುಳಿತು ಹೆಕ್ಕುತ್ತಾಳೆ. ಗಾಡಿ ಕಂಡೊಡನೆ ಅಭ್ಯಾಸಕ್ಕೆ ನಿಂತ ದೊಡ್ಡವರೆಲ್ಲ ದೂರದ ಬಾವುಟ ಬಿಟ್ಟು ಗಾಡಿಗೇ ಹೊಡೆಯುತ್ತಾರೆ. ಬಲೆಗೆ ಚೆಂಡು ಠಣ್ಣೆಂದರೆ ನಗು, ಚಪ್ಪಾಳೆ. ಮೂರು ವರ್ಷ ಹೀಗೆ ಬಲೆಯೊಳಗೆ ಕುಳಿತು ಯಾರ ಚೆಂಡು ಎಡಕ್ಕೆ ವಾಲುತ್ತದೆ, ಯಾರದು ಗಾಳಿಗೆ ಹೆದರುತ್ತದೆ, ಸಿಟ್ಟು ಬಂದಾಗ ಯಾರ ಭುಜ ಮೊದಲು ಏಳುತ್ತದೆ ಎಂಬುದನ್ನೆಲ್ಲ ಅವಳು ಕಲಿತಳು. ತಮಗೇ ತಿಳಿಯದಂತೆ ವಿದ್ಯಾದಾನ ಮಾಡಿದ ಆ ಮಹನೀಯರಿಗೆ ಈ ಮೂಲಕ ವಂದನೆಗಳು.

3. ಅವಳ ಗಾಲ್ಫ್ ಕೋಲುಗಳ ಚೀಲ ಹೊರುವವಳು ಅವಳ ಚಿಕ್ಕಮ್ಮ. ಹತ್ತೊಂಬತ್ತು ವರ್ಷದಿಂದ ಬಸ್ ಕಂಡಕ್ಟರ್. ಹೆಗಲಿಗೆ ಚೀಲದ ಪಟ್ಟಿಯಾಗಲಿ, ಜನರ ಮಾತಾಗಲಿ ಹೊಸದಲ್ಲ. ಮೊದಲ ದಿನ ಮೊದಲ ಹೊಡೆತಕ್ಕೆ ನಿಂತಾಗ ಮೈಕಿನವರು ಉಳಿದವರ ಬಗ್ಗೆ ಅವರು ಗೆದ್ದ ಪಂದ್ಯಗಳನ್ನು ಓದಿದರು. ಅರ್ಜಿದಾರಳ ಬಗ್ಗೆ, "ಹತ್ತೊಂಬತ್ತು ವರ್ಷ, ಇನ್ನೂ ಮದುವೆಯಾಗಿಲ್ಲ" ಎಂದು ಓದಿದರು. ಹಿಂದಿನಿಂದ ಚಿಕ್ಕಮ್ಮ, "ಹೆಣ್ಣು ತೋರ್ಸಕ್ಕೆ ಬಂದಿದೀವಿ ಅಂದ್ಕೊಂಡಿದಾನೆ, ಮೂದೇವಿ. ನೀನು ಹೊಡಿಯೇ. ರೈಟ್, ರೈಟ್!" ಎಂದಳು. ಹೊಡೆದಳು. ಚೆಂಡು ಹುಲ್ಲಿನ ನಟ್ಟನಡುವೆ ಹೋಗಿ ಕೂತಿತು.

4. ತಮಗೆ ತಿಳಿದಿರುವಂತೆ ಈ ಆಟದಲ್ಲಿ ಹದಿನೆಂಟು ಹೋಲ್‌ಗಳಿಗೆ, ಅಂದರೆ ಕುಳಿಗಳಿಗೆ, ಕಡಿಮೆ ಹೊಡೆತದಲ್ಲಿ ಚೆಂಡು ಹಾಕಿದವರೇ ಮುಂದು; ಬೆನ್ನ ಹಿಂದೆ ಅಂಪೈರ್ ನಡೆದುಬರುವುದಿಲ್ಲ. ಜೊತೆಯಾಗಿ ಆಡುವ ಇಬ್ಬರಲ್ಲಿ ಒಬ್ಬರ ಹೊಡೆತಗಳನ್ನು ಇನ್ನೊಬ್ಬರು ಎಣಿಸಿ, ಕಾರ್ಡಿನಲ್ಲಿ ಬರೆದು, ಕೊನೆಗೆ ಸಹಿ ಹಾಕಬೇಕು. ಸಹಿಯಿಲ್ಲದ ಕಾರ್ಡಿನವರು ಆಡಿಯೇ ಇಲ್ಲವೆಂದು ಲೆಕ್ಕ. ಇದೇ ನಿಯಮ ಹನ್ನೊಂದು. ಅರ್ಜಿದಾರಳಿಗೆ ಎರಡೂ ದಿನ ಜೊತೆಯಾಗಿ ಸಿಕ್ಕವರು ಊರೆಲ್ಲ "ಸರದಾರರು" ಎಂದು ಕರೆಯುವ ಹಿರಿಯ ಆಟಗಾರರು.

5. ಮೊದಲ ದಿನ ಸರದಾರರು ಒಂದು ಹೊಡೆತ ಮುಂದಿದ್ದರು. ಆದಕಾರಣ ಆ ದಿನ ಅರ್ಜಿದಾರಳು "ಮಗಳೇ" ಆಗಿದ್ದಳು. ಪತ್ರಕರ್ತರ ಎದುರು ಭುಜ ತಟ್ಟಿ, "ನಮ್ಮನೆ ಹುಡುಗಿ ಇದ್ದ ಹಾಗೆ ಕಣ್ರೀ" ಎಂದರು. ಕಾರ್ಡನ್ನು ಓದದೆಯೇ ಸಹಿ ಹಾಕಿದರು. ಎರಡನೆಯ ದಿನ ಒಂಬತ್ತನೆಯ ಹೋಲ್‌ನಲ್ಲಿ ಲೆಕ್ಕ ಸಮವಾಯಿತು. ಅವಳು "ಏನಮ್ಮ" ಆದಳು. ಹನ್ನೆರಡರಲ್ಲಿ ಅವಳು ಮುಂದಾದಳು. ಆಮೇಲೆ ಮಾತಿಲ್ಲ, ಕೆಮ್ಮು ಮಾತ್ರ. ಅದೂ ಅವಳು ಚೆಂಡಿನ ಮೇಲೆ ಬಾಗಿದಾಗ.

6. ಹದಿನಾಲ್ಕರಲ್ಲಿ ಸರದಾರರ ಚೆಂಡು ಪೊದೆಯ ಬುಡಕ್ಕೆ ಬಿತ್ತು. ಅವರು ಬೀಸಿದರು. ಎಲೆ ಹಾರಿತು, ಮಣ್ಣು ಹಾರಿತು, ಚೆಂಡು ಮಾತ್ರ ಊಟ ಮುಗಿಸಿದ ಭಾವನಂತೆ ಕೂತಲ್ಲಿಂದ ಅಲುಗಲಿಲ್ಲ. ತಾಗಲಿ ಬಿಡಲಿ, ಹೊಡೆಯಲೆಂದು ಬೀಸಿದ ಮೇಲೆ ಅದೊಂದು ಹೊಡೆತ. ಅರ್ಜಿದಾರಳು ಆ ಹೋಲ್‌ಗೆ ಐದು ಎಂದು ಬರೆದಳು. ಅನಂತರದ ಮಾತುಕತೆ ಈ ಕೆಳಕಂಡಂತಿದೆ:

ಸರದಾರರು: "ಎಷ್ಟು ಬರ್ದೆ?"
ಅರ್ಜಿದಾರಳು: "ಐದು, ಸರ್."
ಸರದಾರರು: "ನಾಲ್ಕು. ಅದು ಸುಮ್ನೆ ಅಭ್ಯಾಸಕ್ಕೆ ಬೀಸಿದ್ದು."
ಚಿಕ್ಕಮ್ಮ: "ಅಭ್ಯಾಸಕ್ಕಾದ್ರೆ ಆ ಚೆಂಡಿನ ವಂಶಾನೆಲ್ಲ ಯಾಕೆ ಬೈದ್ರಿ?"
ಸರದಾರರು: "ಚೀಲ ಹೊರೋರು ಮಾತಾಡಬಾರದು."
ಚಿಕ್ಕಮ್ಮ: "ಡ್ರೈವರ್ ಜೊತೆ ಮಾತಾಡಬಾರದು ಅಂತ ಬರ್ದಿರ್ತಾರೆ ಸ್ವಾಮಿ. ಕಂಡಕ್ಟರ್ ಬಾಯಿಗೆ ಇನ್ನೂ ಬೋರ್ಡು ಹಾಕಿಲ್ಲ."

ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಗಾದೆ ಮಾಡಿದವರು ಹದಿನಾಲ್ಕನೆಯ ಹೋಲ್‌ಗೆ ಬಂದಿರಲಿಲ್ಲವೆಂದು ತೋರುತ್ತದೆ.

7. ಎರಡು ದಿನದ ಆಟ ಮುಗಿದ ಮೇಲೆ ಮೊದಲ ಅರವತ್ತು ಮಂದಿಗೆ ಮಾತ್ರ ಶನಿವಾರ ಮತ್ತು ಭಾನುವಾರ ಆಡುವ ಹಕ್ಕು. ಕೊನೆಯ ಜೋಡಿ ಇವರದೇ ಆದ್ದರಿಂದ ಇವರು ಬರುವಷ್ಟರಲ್ಲಿ ಫಲಕದ ಮೇಲೆ ಎಲ್ಲ ಸ್ಪಷ್ಟವಾಗಿತ್ತು. ಅರ್ಜಿದಾರಳು ನೂರ ನಲವತ್ತಮೂರು ಹೊಡೆತ, ಅರವತ್ತನೆಯ ಸ್ಥಾನ, ನಾಳೆ ಏಳು ಹತ್ತಕ್ಕೆ ಆಟದ ಸರದಿ. ಸರದಾರರು ನೂರ ನಲವತ್ತನಾಲ್ಕು, ಅರವತ್ತೊಂದು. ಅಂದರೆ, ಅವಳ ಕಾರ್ಡು ಬಿದ್ದರೆ ಆ ಜಾಗಕ್ಕೆ ಏರುವವರು ಸರದಾರರು. ಅವಳ ಕಾರ್ಡು ನಿಲ್ಲಲು ಬೇಕಾದ ಸಹಿಯೂ ಸರದಾರರದೇ. ಕೋಳಿಯ ಆಯುಷ್ಯಕ್ಕೆ ನರಿಯ ಜಾಮೀನು.

8. ಕೋಣೆಯ ಮೇಜಿನ ಮುಂದೆ ಸರದಾರರು ಪೆನ್ನು ತೆರೆದರು. ಎರಡು ದಿನದಲ್ಲಿ ಮೊದಲ ಬಾರಿಗೆ ಮೆತ್ತಗೆ ಮಾತಾಡಿದರು. "ನೋಡು ಮಗಳೇ, ಆ ಐದನ್ನ ನಾಲ್ಕು ಮಾಡು. ನಂದೂ ನೂರ ನಲವತ್ತಮೂರು ಆಗುತ್ತೆ. ಸಮ ಬಂದ್ರೆ ಇಬ್ಬರೂ ಒಳಗೆ. ಯಾರ ಗಂಟು ಹೋಗುತ್ತೆ ಹೇಳು?"

ಅರ್ಜಿದಾರಳು ಸುಳ್ಳು ಹೇಳಲಾರಳು: ಒಂದು ಕ್ಷಣ ಅವಳು ಪೆನ್ನಿನ ಮೊನೆಯನ್ನು ಆ ಐದರ ಮೇಲಿಟ್ಟಳು. ಒಂದು ಗೀಟು ಅತ್ತಿತ್ತ ಎಳೆದರೆ ನಾಳೆಯ ಬೆಳಗು ಅವಳದು. ಆಮೇಲೆ ಅವಳು, "ನೀವು ಬೀಸಿದ್ದು ನಾನು ನೋಡಿದೀನಿ, ಸರ್" ಎಂದು, ಐದನ್ನು ಐದಾಗಿಯೇ ಬಿಟ್ಟು, ಸರದಾರರ ಕಾರ್ಡಿಗೆ ಸಹಿ ಹಾಕಿ ಮುಂದೆ ಸರಿಸಿದಳು. ಸರದಾರರು ಪೆನ್ನನ್ನು ಮುಚ್ಚಿದರು. "ನಿಂದಕ್ಕೆ ನಾನು ಯೋಚನೆ ಮಾಡ್ಬೇಕು" ಎಂದು ಹೊರಗೆ ನಡೆದರು. ಅವಳು ಆಡಿದ ಒಂದೇ ಒಂದು ಹೊಡೆತದ ಬಗ್ಗೆಯೂ ಅವರು ಈವರೆಗೆ ತಕರಾರು ಎತ್ತಿಲ್ಲವೆಂಬುದನ್ನು ಸಮಿತಿಯು ದಯವಿಟ್ಟು ಗಮನಿಸಬೇಕು.

9. ಜೊತೆಗಾರರು ಸಹಿ ಹಾಕಲು ಅಶಕ್ತರಾದಲ್ಲಿ ಆಟ ಕಂಡ ಬೇರೆ ಯಾರಾದರೂ ಹಾಕಬಹುದೆಂದು ಅದೇ ನಿಯಮದ ಕೊನೆಯ ಸಾಲಿನಲ್ಲಿದೆ. ಇದನ್ನು ಗುಮಾಸ್ತರಿಗೆ ತೋರಿಸಲಾಯಿತು. ಅವರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ಸರದಾರರು ಅಭಿಮಾನಿಗಳ ಟೋಪಿಗಳ ಮೇಲೆ, ಒಂದು ಛತ್ರಿಯ ಮೇಲೆ, ಕೈ ಮುರಿದುಕೊಂಡ ಪತ್ರಕರ್ತರೊಬ್ಬರ ಪ್ಲಾಸ್ಟರಿನ ಮೇಲೆ ಸಹಿ ಹಾಕುತ್ತಿದ್ದರು.

"ಅಶಕ್ತರು ಎಲ್ಲಮ್ಮ? ಕೈ ಚೆನ್ನಾಗೇ ಓಡ್ತಿದೆ. ಅವರಿಗೆ ಇಷ್ಟ ಇಲ್ಲ, ಅಷ್ಟೆ" ಎಂದರು ಗುಮಾಸ್ತರು. "ಒಂದು ಅರ್ಜಿ ಕೊಟ್ಟು ಹೋಗು. ಸಮಿತಿ ಸೋಮವಾರ ಕೂರುತ್ತೆ."

"ಆಟ ಭಾನುವಾರ ಮುಗಿಯುತ್ತಲ್ಲ ಸರ್?"

"ಅದಕ್ಕೇ ಸೋಮವಾರ. ಆಟದ ಮಧ್ಯೆ ಸಮಿತಿಗೆ ಪುರುಸೊತ್ತೆಲ್ಲಿ?"

10. ಬಳಿಕ ಕಾರ್ಯದರ್ಶಿಗಳು ಹೊರಬಂದು, ಹದಿನೆಂಟನೆಯ ಹೋಲ್‌ನಲ್ಲಿ ಅವಳ ಕೊನೆಯ ಹೊಡೆತಕ್ಕೆ ತಾವೇ ಎದ್ದುನಿಂತು ಚಪ್ಪಾಳೆ ತಟ್ಟಿದ್ದನ್ನು ನೆನೆದರು. ಹಾಗಾದರೆ ಕಂಡವರೆಂದು ತಾವೇ ಸಹಿ ಹಾಕಿರೆಂದು ಅರ್ಜಿದಾರಳು ಕೋರಿದಾಗ, ತಾವು ಕಂಡದ್ದು ಅಭಿಮಾನಿಯಾಗಿ, ಅಧಿಕಾರಿಯಾಗಿ ಅಲ್ಲವೆಂದು ತಿಳಿಸಿದರು. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ. ಒಂದು ಹೊಡೆತ ತಾನೆ?"

ಚಿಕ್ಕಮ್ಮ ಬೆಂಚಿನಿಂದ ಎದ್ದಳು. "ಒಂದು ಸ್ಟಾಪ್ ತಾನೆ ಅಂತ ದಿನಕ್ಕೆ ನಲವತ್ತು ಜನ ಕೇಳ್ತಾರೆ ಸ್ವಾಮಿ. ಟೋಪಿ ದೊಡ್ಡದು ಅಂತ ಯಾರನ್ನೂ ಟಿಕೆಟ್ ಇಲ್ದೆ ಕೂರ್ಸಿಲ್ಲ ನಾನು. ಟಿಕೆಟ್ ತಗೊಂಡೋಳನ್ನ ಇಳ್ಸೂ ಇಲ್ಲ."

ಕಾರ್ಯದರ್ಶಿಗಳು ಒಳಗೆ ಹೋದರು. ಬಾಗಿಲು ಆಗಿನಿಂದ ಮುಚ್ಚಿದೆ.

11. ಮಾನ್ಯರೇ, ಅರ್ಜಿದಾರಳು ಎರಡು ಹೊಡೆತ ಹೆಚ್ಚು ಹೊಡೆದು ಸೋತಿದ್ದರೆ ಈ ಹೊತ್ತಿಗೆ ಅವಳ ಕಾರ್ಡಿನ ಮೇಲೆ ಸಹಿ ಇರುತ್ತಿತ್ತು, ಕೊರಳಲ್ಲಿ ಹಾರವಿರುತ್ತಿತ್ತು. "ಪಾಪ, ಹುಡುಗಿ, ಎಷ್ಟು ಚೆನ್ನಾಗಿ ಆಡಿದ್ಲು" ಎಂದು ಸರದಾರರೇ ಮೈಕಿನಲ್ಲಿ ಹೇಳುತ್ತಿದ್ದರು. ಸೋಲುವ ಹೆಣ್ಣಿಗೆ ಈ ಮೈದಾನದಲ್ಲಿ ಜಾಗಕ್ಕೆ ಎಂದೂ ಬರವಿಲ್ಲ. ಗೆದ್ದವಳಿಗೆ ಮಾತ್ರ ನಿಯಮ ಹನ್ನೊಂದು. ಕಾರ್ಡು ಬಿದ್ದರೆ ನಾಳೆ ಬೆಳಿಗ್ಗೆ ಸರದಾರರು ಆಟಕ್ಕೆ ಮುಂಚೆ ಅಭ್ಯಾಸಕ್ಕೆ ನಿಲ್ಲುತ್ತಾರೆ. ಅವರು ಹೊಡೆದ ಚೆಂಡು ಹೆಕ್ಕಲು ಬಲೆಯ ಗಾಡಿಯಲ್ಲಿ ಕೂರಬೇಕಾದವಳು ಅರ್ಜಿದಾರಳೇ. ಬಲೆ ಠಣ್ಣೆನ್ನುತ್ತದೆ. ಅವಳಿಗೆ ಆ ಸದ್ದು ಸಾಕಾಗಿದೆ.

12. ಆದರೂ ಅವಳು ಸಮಿತಿಯ ನಿಯಮವನ್ನು ತಲೆಬಾಗಿ ಒಪ್ಪುತ್ತಾಳೆ. ಸಹಿಯಿಲ್ಲದ ಕಾರಣ ಅವಳು ಈ ದಿನ ಆಡಿಯೇ ಇಲ್ಲ. ಒಳ್ಳೆಯದು. ಆಡಿಯೇ ಇಲ್ಲವಾದ್ದರಿಂದ ಅವಳು ಸರದಾರರ ಜೊತೆಗಾರಳೂ ಅಲ್ಲ. ಜೊತೆಗಾರಳಲ್ಲದ ಕಾರಣ ಸರದಾರರ ಕಾರ್ಡಿನ ಮೇಲಿರುವುದು ದಾರಿಯಲ್ಲಿ ಹೋಗುತ್ತಿದ್ದ ಯಾವಳೋ ಒಬ್ಬಳ ಗೀಚು. ಆದಕಾರಣ ನಿಯಮ ಹನ್ನೊಂದರಂತೆ ಸರದಾರರೂ ಈ ದಿನ ಆಡಿಲ್ಲ. ಹದಿನೆಂಟು ಹೋಲ್‌ಗಳಲ್ಲಿ ಸುಮ್ಮನೆ ಗಾಳಿ ಸೇವಿಸಿದ್ದಾರೆ.

ಆದ್ದರಿಂದ ಪ್ರಾರ್ಥನೆ: ಎರಡೂ ಕಾರ್ಡುಗಳನ್ನು ಒಪ್ಪಬೇಕು, ಇಲ್ಲವೇ ಎರಡನ್ನೂ ತಳ್ಳಿ ಅರವತ್ತೆರಡನೆಯವರನ್ನು ಕರೆಯಬೇಕು. ಒಂದನ್ನು ಒಪ್ಪಿ ಒಂದನ್ನು ತಳ್ಳುವುದಾದರೆ, ಆಡದವಳ ಸಹಿ ಆಡಿದವರ ಕಾರ್ಡಿಗೆ ಹೇಗೆ ಸಂದಿತೆಂಬ ಕಾರಣವನ್ನು ಸೋಮವಾರದ ತನಕ ಕಾಯಿಸದೆ ಬರಹದಲ್ಲಿ ಕೊಡಬೇಕು. ಹೊರಗೆ ಪತ್ರಕರ್ತರಿದ್ದಾರೆ, ಒಬ್ಬರಿಗೆ ಒಂದು ಕೈಯಾದರೂ ಸರಿಯಿದೆ.

ತಮ್ಮ ವಿಶ್ವಾಸ ಇನ್ನೂ ಸಿಗದಿದ್ದರೂ ವಿಶ್ವಾಸಿಯಾದ,
ಅರ್ಜಿದಾರಳು
(ಸಹಿ ಇದೆ)

ಲಗತ್ತುಗಳು:
ಅ) ಅರ್ಜಿದಾರಳ ಎರಡನೆಯ ದಿನದ ಕಾರ್ಡು. ಸರದಾರರ ಕೈಬರಹದಲ್ಲೇ ಹದಿನೆಂಟು ಅಂಕಿಗಳು. ಸಹಿಯ ಜಾಗ ಖಾಲಿ.
ಆ) ಹಳೇ ಬಸ್ ಟಿಕೆಟುಗಳು ನೂರ ನಲವತ್ತಮೂರು. ಅರ್ಜಿದಾರಳ ಪ್ರತಿ ಹೊಡೆತಕ್ಕೂ ಚಿಕ್ಕಮ್ಮ ಒಂದೊಂದಕ್ಕೆ ತೂತು ಹಾಕಿದ್ದಾಳೆ.
ಇ) ಹದಿನಾಲ್ಕನೆಯ ಹೋಲ್‌ನ ಪೊದೆಯ ಎಲೆಗಳು ಏಳು, ತುಂಡಾದವು.

ವಿಶೇಷ ಸೂಚನೆ: ಏನೇ ತೀರ್ಮಾನವಾದರೂ ಅರ್ಜಿದಾರಳು ನಾಳೆ ಏಳು ಹತ್ತಕ್ಕೆ ಮೊದಲ ಹೋಲ್‌ನಲ್ಲಿ ಚೆಂಡಿಟ್ಟು ನಿಂತಿರುತ್ತಾಳೆ. ಅವಳ ಲೆಕ್ಕ ಬರೆಯಲು ಒಬ್ಬರನ್ನು ಕಳುಹಿಸಿಕೊಡಬೇಕು. ದೊಡ್ಡ ಆಟಗಾರರೇ ಆಗಬೇಕೆಂದಿಲ್ಲ, ಗಂಡಸೇ ಆಗಬೇಕೆಂದೂ ಇಲ್ಲ. ಎಪ್ಪತ್ತರ ತನಕ ಎಣಿಸಲು ಬಂದರೆ ಸಾಕು; ಅದಕ್ಕಿಂತ ಹೆಚ್ಚು ಅವಳು ಹೊಡೆಯುವುದಿಲ್ಲ.