ಡಬ್ಬದ ಹೊರಗಿನ ಮೊಣಕೈ

ನನ್ನ ಬಗ್ಗೆ ಯಾರಿಗೂ ಏನೂ ಗೊತ್ತಾಗಬಾರದು ಎನ್ನುವುದು ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿದರೂ ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಇಂಥ ನಾನು ಎರಡು ವರ್ಷದಿಂದ ಸರ್ಜನ್‌ಗಳ ಆನ್‌ಲೈನ್ ಗುಂಪೊಂದರಲ್ಲಿದ್ದೇನೆ. ಒಬ್ಬರು ತಮ್ಮ ಕೈಚಳಕದ ವಿಡಿಯೋ ಹಾಕುತ್ತಾರೆ, ಉಳಿದವರು "ಸೂಜಿ ಹಿಡಿದದ್ದು ಸರಿಯಿಲ್ಲ" ಎಂದು ತಿದ್ದುತ್ತಾರೆ. ನಾನು ಎಲ್ಲ ಕಲಿತು, ಒಂದು ಲೈಕೂ ಒತ್ತದೆ, ಮದುವೆ ಊಟ ಮುಗಿಸಿ ಯಾರ ಕಣ್ಣಿಗೂ ಬೀಳದೆ ಹೊರಡುವವಳ ಹಾಗೆ ಹೊರಬರುತ್ತಿದ್ದೆ.

ಆ ಮೌನ ಒಂದು ಗಂಟಿನಿಂದ ಮುರಿಯಿತು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್‌ಗಳಲ್ಲಿ, ಬಿ.ಸಿ.ರೋಡಿನ ನಮ್ಮ ಆಸ್ಪತ್ರೆಯಲ್ಲಿ ಆ ಕ್ಯಾಮೆರಾ ಹಿಡಿಯುವವಳು ನಾನು. ಒಂದು ಶುಕ್ರವಾರ ನಮ್ಮ ದೊಡ್ಡ ಸರ್ಜನ್, "ಸೋಮವಾರ ಒಳಗಿನ ಹೊಲಿಗೆಯ ಗಂಟು ನೀವೇ ಹಾಕಿ ಡಾಕ್ಟ್ರೇ. ಆಗದಿದ್ದರೆ ಇನ್ನಾರು ತಿಂಗಳು ಕ್ಯಾಮೆರಾವೇ" ಎಂದರು. ಫೋನೆಂದರೆ ಅವರಿಗಾಗದು. "ಫೋನು ನೋಡಿ ಸರ್ಜರಿ ಕಲಿಯುವುದುಂಟಾ? ನೇತ್ರಾವತಿಯನ್ನೂ ಫೋನಿನಲ್ಲೇ ಈಜ್ತೀರಾ?" ಎಂದು ಕೇಳುವವರು.

ಮನೆಯಲ್ಲಿ ಚಪ್ಪಲಿ ಡಬ್ಬಕ್ಕೆ ತೂತು ಕೊರೆದು, ಒಳಗೆ ಬಾಳೆಹಣ್ಣಿಟ್ಟು, ಮೇಲಿನ ಕಿಂಡಿಯಲ್ಲಿ ಕ್ಯಾಮೆರಾದ ಬದಲು ಫೋನಿಟ್ಟು, ಉದ್ದನೆಯ ಇಕ್ಕಳಗಳಿಂದ ಸಿಪ್ಪೆ ಹೊಲಿದೆ. ಗಂಟು ಪ್ರತಿಸಲವೂ ಜಾರಿತು. ಕೊನೆಗೆ ಧೈರ್ಯ ಮಾಡಿ, ಸುಳ್ಳು ಹೆಸರಿನಲ್ಲಿ ಗುಂಪಿಗೆ ವಿಡಿಯೋ ಹಾಕಿದೆ. ಮುಖವಿಲ್ಲ, ಊರಿಲ್ಲ, ಡಬ್ಬದೊಳಗಿನ ಹಣ್ಣು ಮಾತ್ರ. ಧ್ವನಿ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಹಿಂದಿನಿಂದ ಅಮ್ಮ ಗಟ್ಟಿ ತುಳುವಿನಲ್ಲಿ ಬೈಯುತ್ತಿದ್ದರು: "ಬನ್ಸಿನ ಹಿಟ್ಟಿಗೆ ಕಲಸಲಿಕ್ಕೆ ಇಟ್ಟ ಹಣ್ಣಲ್ವಾ ಅದು? ಹೊಲಿಗೆ ಹಾಕಿದ ಹಣ್ಣನ್ನು ಯಾರು ತಿನ್ನುವುದು ಮಾರಾಯ್ತಿ? ಮತ್ತೆ ಆ ಮೊಣಕೈ ಯಾಕೆ ಎತ್ತಿದ್ದೀ? ಕೋಳಿಯ ಹಾಗೆ ಹಾರಲಿಕ್ಕುಂಟಾ?"

ದೂರದೂರಿನ ಸರ್ಜನ್‌ಗಳು ಸೂಜಿಯ ಓರೆ, ದಾರದ ಉದ್ದ ಎಂದೆಲ್ಲ ಚರ್ಚಿಸಿದರು. ಆಗ ಪ್ರೊಫೈಲಿಗೆ ಮುಖದ ಬದಲು ದಾಸವಾಳದ ಚಿತ್ರ ಹಾಕಿಕೊಂಡಿದ್ದ ಯಾರೋ ಅಮ್ಮನ ಮಾತನ್ನು ಬನ್ಸ್ ಸಮೇತ ಇಂಗ್ಲಿಷಿಗೆ ಇಳಿಸಿ, "ನಮಗೆ ಡಬ್ಬದ ಒಳಗು ಮಾತ್ರ ಕಾಣುತ್ತದೆ. ಮೊಣಕೈ ಕಾಣುವುದು ಆ ತಾಯಿಗೆ. ತಪ್ಪು ಅಲ್ಲೇ ಇದೆ" ಎಂದು ಬರೆದರು. ಗುಂಪಿಗೆ ಗುಂಪೇ ನಕ್ಕಿತು. ನಾಚಿಕೆಯಿಂದ ಅರ್ಧ ಸತ್ತೇ ಮೊಣಕೈ ಇಳಿಸಿ ನೋಡಿದೆ. ಗಂಟು ಕೂತಿತು! ಆ ಖುಷಿಗೆ ಮನೆಯಲ್ಲಿ ಉಳಿದ ಹಣ್ಣುಗಳನ್ನೆಲ್ಲ ಹೊಲಿದೆ.

ಸೋಮವಾರ ಗಾಬರಿಗೆ ಮೊಣಕೈ ಮತ್ತೆ ಮೇಲೇರಿತು. ಸರ್ ಮಾಸ್ಕಿನೊಳಗಿಂದ ಮೆಲ್ಲಗೆ, "ಅಮ್ಮ ಹೇಳಿದ್ದು ನೆನಪುಂಟಲ್ಲ ಡಾಕ್ಟ್ರೇ? ರೆಕ್ಕೆ ಇಳಿಸಿ" ಎಂದರು. ಇವರಿಗೆ ಹೇಗೆ ಗೊತ್ತು ಎಂದು ಬೆರಗಾಗಲೂ ಪುರುಸೊತ್ತಿರಲಿಲ್ಲ. ಇಳಿಸಿದೆ. ಗಂಟು ಗಟ್ಟಿಯಾಗಿ ಕೂತಿತು. ಆಮೇಲೆ ಕೈ ತೊಳೆಯುತ್ತ, "ಸರ್, ಆ ದಾಸವಾಳ ನೀವಾ?" ಎಂದೆ. ಅವರು ಆಚೀಚೆ ನೋಡಿ, "ಮೆಲ್ಲ ಮಾತಾಡಿ! ಸಿಸ್ಟರ್‌ಗಳಿಗೆ ಗೊತ್ತಾದರೆ ನನ್ನ ಮರ್ಯಾದೆ ಹೋಗ್ತದೆ. ಅದಿರಲಿ, ಬನ್ಸ್ ಆಯ್ತಾ?" ಎಂದರು.

ಈಗ ಗುಂಪಿನವರು ತಮ್ಮ ಮೊಣಕೈ ಕಾಣುವ ಹಾಗೆ ಇನ್ನೊಂದು ವಿಡಿಯೋ ತೆಗೆದು, "ಆ ತಾಯಿಗೆ ತೋರಿಸಿ" ಎನ್ನುತ್ತಾರೆ. ಅಮ್ಮ ಕನ್ನಡಕ ಏರಿಸಿಕೊಂಡು ತೀರ್ಪು ಕೊಡುತ್ತಾರೆ, ಸರ್ಜರಿಯಲ್ಲಿ ಎಂ.ಎಸ್. ಮಾಡಿದ ನಾನು ಟೈಪ್ ಮಾಡುತ್ತೇನೆ. ಏನೇ ಆಗಲಿ, ನನ್ನ ಆಸೆಯಂತೂ ಈಡೇರಿತು: ಅಲ್ಲಿ ನನ್ನ ಬಗ್ಗೆ ಯಾರೂ ಏನೂ ಕೇಳುವುದೇ ಇಲ್ಲ.