ಕೈ ಚಾಚಿ ನಿಂತವನ ಫಜೀತಿ

ನಾಟಕದವರಿಗೆ ಮಾತು ಮರೆತುಹೋಗಿ ಫಜೀತಿಯಾಗುತ್ತದೆ. ನಮ್ಮದು ನೃತ್ಯ, ಮಾತೇ ಇಲ್ಲ. ಆದರೂ ಹೋದ ಊರಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಪಕ್ಕದವರು ಕೆಮ್ಮಿದರೆ ಎದ್ದು ಹೋಗುವ ಕಾಲವಿದು. ಈ ಹೆದರಿಕೆಯ ನಡುವೆಯೂ ಮನುಷ್ಯ ಇನ್ನೊಬ್ಬರ ಸಾಮೀಪ್ಯಕ್ಕೆ ಹಂಬಲಿಸುತ್ತಾನೆ ಎಂಬುದು ನಮ್ಮ ಸಮಕಾಲೀನ ನೃತ್ಯದ ವಸ್ತು. ಉಳಿದವರು ಉರುಳುತ್ತಾರೆ, ಜಿಗಿಯುತ್ತಾರೆ. ನನ್ನ ಬೊಜ್ಜು ಹೊಟ್ಟೆಗೆ ಅದು ಒಗ್ಗದು. ಕೊನೆಯಲ್ಲಿ ಎರಡೂ ಕೈ ಚಾಚಿ ನಿಲ್ಲುವುದಷ್ಟೇ ನನ್ನ ಪಾತ್ರ. ಪ್ರೇಕ್ಷಕರಲ್ಲಿ ಯಾರಾದರೂ ಬಂದು ಅಪ್ಪಿಕೊಂಡರೆ ದೀಪ ಆರಿ ನೃತ್ಯ ಮುಗಿಯುತ್ತದೆ.

ನಿರ್ದೇಶಕಿ ಹೊರಗಿನವಳು. ನಮ್ಮ ಕಡೆ ಗಂಡ ದುಬೈಯಿಂದ ಬಂದಿಳಿದರೂ ಹೆಂಡತಿ "ಬ್ಯಾಗ್ ಒಳಗೆ ಇಡಿ" ಅನ್ನುತ್ತಾಳೆಯೇ ಹೊರತು ಅಪ್ಪಿಕೊಳ್ಳುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಉಡುಪಿ

ಮೊದಲ ಪ್ರದರ್ಶನ. ಕೈ ಚಾಚಿ ನಿಂತೆ. ಸಭೆಯಲ್ಲಿ ಎಲ್ಲರೂ ಪಕ್ಕದವರ ಮುಖ ನೋಡಿದರು. ಕೊನೆಗೆ ನಮ್ಮನ್ನು ಕರೆಸಿದ್ದ ಸಂಘದ ಅಧ್ಯಕ್ಷರು ಎದ್ದು ಗಡಿಬಿಡಿಯಿಂದ ವೇದಿಕೆಗೆ ಬಂದರು. ನನಗೆ ಜೀವ ಬಂತು. ಅವರು ಹೆಗಲಿಗೆ ಶಾಲು ಹೊದಿಸಿ, ಹಾರ ಹಾಕಿ, ಚಾಚಿದ ಕೈಗಳ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ಫೋಟೋದವನ ಕಡೆ ತಿರುಗಿ ನಿಂತರು.

"ತಡವಾಯ್ತು, ಬೇಸರ ಮಾಡ್ಬೇಡಿ" ಎಂದರು ಕಿವಿಯಲ್ಲಿ. "ಸನ್ಮಾನ ಈಗಲೇ ಅಂತ ನಮಗೆ ಗೊತ್ತಿರಲಿಲ್ಲ."

ಕಾಪು

ಸಂಜೆ, ಕಡಲ ತೀರದಲ್ಲಿ. ಪಕ್ಕದಲ್ಲೇ ಮೀನುಗಾರರು ದಡದಿಂದ ಬಲೆ ಎಳೆಯುತ್ತಿದ್ದರು. ಕೈ ಚಾಚಿ ನಿಂತ ನನ್ನನ್ನು ಅವರಲ್ಲೊಬ್ಬರು ಸ್ವಲ್ಪ ಹೊತ್ತು ನೋಡಿದರು.

"ಸುಮ್ಮನೆ ನಿಂತದ್ದಲ್ವಾ ಮಾರಾಯ್ರೆ? ಇದನ್ನೊಂದು ಹಿಡೀರಿ" ಎಂದು ಹಗ್ಗ ಕೊಟ್ಟರು.

ಕೊಟ್ಟ ಮೇಲೆ ಬಿಡುವುದು ಹೇಗೆ? ಎಳೆದೆ. ಎಳೆದವನಿಗೆ ಪಾಲು ಉಂಟೆಂದು ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಬೂತಾಯಿ ಮೀನು ಕೊಟ್ಟರು. ಅದನ್ನು ಹಿಡಿದುಕೊಂಡೇ ಮತ್ತೆ ಕೈ ಚಾಚಿದೆ. ಆ ದಿನ ಸಾಮೀಪ್ಯಕ್ಕೆ ಹಂಬಲಿಸಿ ಬಂದವರು ಇದ್ದರು, ಎಲ್ಲ ಬೆಕ್ಕುಗಳು.

ಕಾರ್ಕಳ

ಇಲ್ಲಿ ಒಬ್ಬರು ಅಜ್ಜಿ ನಿಜವಾಗಿಯೂ ಎದ್ದು ಬಂದರು. ಕಂಕುಳಲ್ಲಿ ಮೊಮ್ಮಗು. ವೇದಿಕೆ ಹತ್ತಿ ಮಗುವನ್ನು ನನ್ನ ಕೈಗೆ ಕೊಟ್ಟರು.

"ಸ್ವಲ್ಪ ಹಿಡ್ಕೊ ಮಗಾ, ನಿನ್ನ ಕೈ ಹೇಗೂ ಖಾಲಿ ಉಂಟು. ನಾನೊಂದು ಚಾ ಕುಡಿದು ಬರ್ತೇನೆ."

ಮಗು ನನ್ನ ಕುತ್ತಿಗೆ ಅಪ್ಪಿಕೊಂಡಿತು. ಇದಾದರೂ ಲೆಕ್ಕಕ್ಕೆ ಬರಲಿ ಎಂದು ನಿರ್ದೇಶಕಿ ದೀಪ ಆರಿಸಿದಳು. ಕತ್ತಲಾದದ್ದೇ ತಡ, ಮಗು ನನ್ನ ಮೇಲೆ ಉಚ್ಚೆ ಹೊಯ್ದಿತು.

ಮಣಿಪಾಲ

ಈಗ ನಿರ್ದೇಶಕಿಯ ಸಹನೆ ಮುಗಿದಿತ್ತು. "ಇಲ್ಲಿಯೂ ಯಾರೂ ಅಪ್ಪಿಕೊಳ್ಳದಿದ್ದರೆ ಕೊನೆಯ ದೃಶ್ಯ ತೆಗೆಯೋಣ" ಎಂದಳು. ಕೊನೆಯ ದೃಶ್ಯ ಹೋದರೆ ನಾನೂ ಹೋದಂತೆ. ಉದ್ಯಾವರದಿಂದ ಅಮ್ಮ ಅದೇ ದಿನ ಮೊದಲ ಸಲ ನನ್ನ ನೃತ್ಯ ನೋಡಲು ಬಂದಿದ್ದಳು.

ಕೈ ಚಾಚಿದೆ. ಸಭೆ ಅಲುಗಲಿಲ್ಲ. ಆಗ ಅಮ್ಮ ಎದ್ದಳು. ನಾನು ಶಾಲೆಗೆ ಸೇರಿದ ಮೇಲೆ ಅವಳು ನನ್ನನ್ನು ಅಪ್ಪಿಕೊಂಡ ನೆನಪಿಲ್ಲ. ಪ್ರೀತಿ ಬಂದರೆ "ಊಟ ಆಯ್ತಾ" ಅನ್ನುತ್ತಾಳೆ, ಅಷ್ಟೆ. ಅವಳು ಮೆಟ್ಟಿಲು ಹತ್ತಿ ಬರುವಾಗ ನಾನು ಕೈಗಳನ್ನು ಇನ್ನಷ್ಟು ಅಗಲಿಸಿದೆ.

ಹತ್ತಿರ ಬಂದಳು. ನನ್ನ ಮುಖ ನೋಡಲಿಲ್ಲ, ಕಂಕುಳು ನೋಡಿದಳು.

"ಹೊಲಿಗೆ ಬಿಟ್ಟಿದೆ ಮಗಾ. ಇಡೀ ಸಭೆಗೆ ಕಾಣ್ತಾ ಉಂಟು."

ಕರಿಮಣಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಹರಿದದ್ದು ಹಿಂದಿನವರೆಗೂ ಹೋಗಿದ್ದರಿಂದ ಎರಡೂ ಕೈಗಳಿಂದ ನನ್ನನ್ನು ಬಳಸಿ ಹಿಡಿದಳು. ಇದೇ ಅಪ್ಪುಗೆ ಎಂದುಕೊಂಡ ನಿರ್ದೇಶಕಿ ಕಣ್ಣೊರೆಸುತ್ತ ದೀಪ ಆರಿಸಿದಳು. ಕತ್ತಲಲ್ಲಿ ಅಮ್ಮನಿಗೆ ಹೊಲಿಗೆ ಯಾವುದು, ಮಗ ಯಾವುದು ತಿಳಿಯಲಿಲ್ಲ. ಪಿನ್ನು ಪಕ್ಕೆಗೆ ಹೊಕ್ಕಿತು. ನಾನು ಕೂಗಿದ ಕೂಗು ಹೊರಗಿನ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

ದೀಪ ಬಂದಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಮುಂದಿನ ಸಾಲಿನ ಪ್ರೊಫೆಸರರು ಕನ್ನಡಕ ತೆಗೆದು "ಆ ಒಂದು ಕೂಗಿನಲ್ಲಿ ಈ ಕಾಲದ ನೋವೆಲ್ಲ ಇತ್ತು" ಎಂದರು.

ಕೊನೆಯ ದೃಶ್ಯ ಉಳಿಯಿತು, ನಾನೂ ಉಳಿದೆ. ಈಗ ಅಮ್ಮ ಎಲ್ಲ ಪ್ರದರ್ಶನಕ್ಕೂ ಬರುತ್ತಾಳೆ. ಸಾವಿರ ಕಣ್ಣಿನ ಮುಂದೆ ನನ್ನನ್ನು ಅಪ್ಪಿಕೊಳ್ಳುತ್ತಾಳೆ. ಎಷ್ಟು ಖುಷಿಯಾಗುತ್ತದೆಂದರೆ ಹೇಳಲಾರೆ. ಆಮೇಲೆ ದೀಪ ಆರುತ್ತದೆ, ನಿರ್ದೇಶಕಿ ಹೇಳಿಕೊಟ್ಟಂತೆ ಅಮ್ಮ ತಪ್ಪದೆ ಪಿನ್ನು ಚುಚ್ಚುತ್ತಾಳೆ.