ಕಣ್ಣು ಮುಚ್ಚಿ ನೋಡಿದ ಕೊಲೆ

ಎಲ್ಲಕ್ಕೂ ಕಾರಣ ಒಂದು ಕುರ್ಚಿ. ದಂತವೈದ್ಯರ ಕ್ಲಿನಿಕ್ಕಿನ ಊಟದ ಕೋಣೆಯಲ್ಲಿ, ರಿಸೆಪ್ಷನ್ ಹುಡುಗಿಯ ಪಕ್ಕದ ಕುರ್ಚಿ. ಅದರ ಮೇಲೆ ಸದಾ ಅವಳ ಬ್ಯಾಗು ಕೂತಿರುತ್ತಿತ್ತು. ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ನಮ್ಮ ಹಲ್ಲಣ್ಣ (ಈ ಹೆಸರು ಜೊತೆಯವರು ಕೊಟ್ಟದ್ದು) ಮೂಲೆಯ ಸ್ಟೂಲಿನಲ್ಲಿ ಕೂತು ಉಣ್ಣುತ್ತ ಆ ಬ್ಯಾಗಿನ ಭಾಗ್ಯಕ್ಕೆ ಕರುಬುತ್ತಿದ್ದ. ಆ ಕುರ್ಚಿಯಲ್ಲಿ ಒಂದೇ ಒಂದು ದಿನ ಕೂತರೆ ಸಾಕು, ಮತ್ತೇನೂ ಬೇಡ ಅನ್ನಿಸುತ್ತಿತ್ತು ಪಾಪ.

ಅವಳಿಗೆ ಕೊರಿಯಾದ ಥ್ರಿಲ್ಲರುಗಳೆಂದರೆ ಪ್ರಾಣ. ಊಟದ ಹೊತ್ತಿನಲ್ಲಿ ಬೇರೆ ಮಾತೇ ಇಲ್ಲ. ಹಾಗಾಗಿ ಒಂದು ರಾತ್ರಿ ಹಲ್ಲಣ್ಣನೂ ಧೈರ್ಯ ಮಾಡಿ ಅವಳು ಹೇಳಿದ ಸಿನಿಮಾ ಹಾಕಿದ್ದ. ಆದರೆ ಚಾಕು ಕಂಡ ಕೂಡಲೇ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಸಿನಿಮಾ ಆದರೆ ಕಣ್ಣು ಮುಚ್ಚಿದರೂ ಕಿವಿ ಕತೆ ಹೇಳುತ್ತದೆ. ಇಲ್ಲಿ ಕಣ್ಣು ಮುಚ್ಚಿದರೆ ಪರದೆಯ ಕೆಳಗೆ ಬರುವ ಅನುವಾದದ ಅಕ್ಷರಗಳೂ ಹೋದವು, ಕಿವಿಗೆ ಬಿದ್ದದ್ದು ಅರ್ಥವಾಗದು. ಕೊನೆಗೆ ಕಣ್ಣು ಬಿಟ್ಟಾಗ ಮಳೆಯಲ್ಲಿ ಒಂದು ಕೊಡೆ ಬಿದ್ದಿತ್ತು, ಸಿನಿಮಾ ಮುಗಿದಿತ್ತು.

ಮರುದಿನ ಊಟಕ್ಕೆ ಕೂತಾಗ ಅದೇ ಸಿನಿಮಾದ ಕೊಲೆಗಾರ ಯಾರು ಎಂಬ ಯುದ್ಧ ಜೋರಾಗಿತ್ತು.

"ಕೊಂದಿದ್ದು ಸತ್ತವನ ಭಾವಾನೇ. ಇದ್ರಲ್ಲಿ ಎರಡು ಮಾತಿಲ್ಲ" ಅಂದ ಎಕ್ಸ್‌ರೇ ತೆಗೆಯುವವನು.

"ನಿಮ್ಮ ತಲೆ! ಆ ಪತ್ತೇದಾರನೇ ಕೊಂದಿದ್ದು" ಎಂದರು ಸಿಸ್ಟರ್. ಕ್ಲಿನಿಕ್ಕಿನ ಯಾವ ವಿಷಯಕ್ಕೂ ಅವರ ತೀರ್ಪೇ ಕೊನೆಯದು.

ರಿಸೆಪ್ಷನ್ ಹುಡುಗಿ ತಿರುಗಿ ಕೇಳಿದಳು. "ಹಲ್ಲಣ್ಣ, ನೀವೂ ನೋಡಿದ್ರಾ? ನಿಮಗೇನನ್ಸತ್ತೆ?"

ಹಲ್ಲಣ್ಣ ತನಗೆ ಗೊತ್ತಿದ್ದ ಒಂದೇ ಸಂಗತಿಯನ್ನು ಹೊರಗೆ ಹಾಕಿದ. "ಎಲ್ಲಾ ಸರಿ... ಕೊಡೆ ನೋಡಿದ್ರಾ?"

"ಅಯ್ಯೋ ಹೌದಲ್ವಾ!" ಎಂದು ಅವಳು ಬ್ಯಾಗನ್ನು ಎತ್ತಿ ನೆಲಕ್ಕಿಟ್ಟಳು. ಆದರೆ ಅಷ್ಟರಲ್ಲಿ ಡಾಕ್ಟರ ಬೆಲ್ ಆಗಿ ಎಲ್ಲರೂ ಎದ್ದುಬಿಟ್ಟರು.

ಮಧ್ಯಾಹ್ನವಿಡೀ ಹಲ್ಲಣ್ಣನಿಗೆ ನೆಮ್ಮದಿಯಿಲ್ಲ. ಸಿಸ್ಟರ್ ಬಾಗಿಲಲ್ಲಿ ನಿಂತು, "ಕೊಡೆ ಯಾರದ್ದು ಅಂತ ನೀವು ಹೇಳೋ ತನಕ ನಾನು ಹೋಗಲ್ಲ" ಎಂದು ಪಟ್ಟು ಹಿಡಿದರು.

"ಯಾರದ್ದು ಅನ್ನೋದಲ್ಲ ಸಿಸ್ಟರ್, ಯಾಕೆ ಬಿತ್ತು ಅನ್ನೋದು ಮುಖ್ಯ."

ಸಿಸ್ಟರ್ ತಲೆದೂಗಿ ಹೋದರು. ಎಕ್ಸ್‌ರೇಯವನು ಬಂದು ಮುಖ ಗಂಟಿಕ್ಕಿ ಹೋದ. ಈ ಗಲಾಟೆಯಲ್ಲಿ ಹಲ್ಲಣ್ಣ ಒಬ್ಬ ಅಜ್ಜಿಯ ಸೆಟ್ಟಿನ ಮುಂಭಾಗಕ್ಕೆ ದವಡೆಹಲ್ಲು ಕೂರಿಸಿಬಿಟ್ಟ. "ಇದೇನ್ರಿ, ಅಜ್ಜಿಗೆ ಕುದುರೆ ಬಾಯಿ ಮಾಡಿದೀರಿ!" ಎಂದು ಡಾಕ್ಟರು ಎಲ್ಲರೆದುರು ಬೈದರು. ಅವನಿಗೆ ಬೈಗುಳ ಕೇಳಿಸಲೇ ಇಲ್ಲ. ಯಾಕೆಂದರೆ ಆಗಷ್ಟೇ ರಿಸೆಪ್ಷನ್ ಹುಡುಗಿ ಬಂದು, "ಸಂಜೆ ಡಾಕ್ಟರು ಹೋದ್ಮೇಲೆ ಹೊರಗಿನ ಟಿವೀಲಿ ಇನ್ನೊಂದ್ಸಲ ಅದೇ ಹಾಕೋಣ. ನೀವು ನನ್ ಪಕ್ಕಾನೇ ಕೂತ್ಕೋಬೇಕು" ಎಂದಿದ್ದಳು.

ಸಂಜೆ ರೋಗಿಗಳ ಸೋಫಾದಲ್ಲಿ ಹಲ್ಲಣ್ಣ ಅವಳ ಪಕ್ಕವೇ ಕೂತ. ಇಂದು ಜೀವ ಹೋದರೂ ಕಣ್ಣು ಮುಚ್ಚಬಾರದು ಎಂದು ಹಲ್ಲು ಕಚ್ಚಿದ. ಚಾಕು ಬಂತು. ಕಣ್ಣು ಮುಚ್ಚಿತು.

"ಏನಾಯ್ತು? ಬೇಗ ಹೇಳಿ" ಎಂದು ಅವಳು ಪಿಸುಗುಟ್ಟಿದಳು.

ಹಲ್ಲಣ್ಣ ಒಂದು ಕಣ್ಣನ್ನು ಮೆಲ್ಲಗೆ ತೆರೆದು ಅವಳತ್ತ ನೋಡಿದ. ಅವಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು!

"ನೀವೂನಾ?" ಎಂದ ಖುಷಿ ತಡೆಯಲಾರದೆ. "ನಾನೂ ಕಣ್ಣು ಮುಚ್ಕೊಂಡೇ ನೋಡೋದು! ಆ ಕೊಡೆ ಒಂದು ಬಿಟ್ರೆ ನಂಗೇನೂ ಗೊತ್ತಿಲ್ಲ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ದಿನ ಬಯಸಿದ ನಗು ಇಷ್ಟು ಹತ್ತಿರದಲ್ಲಿ ಕಂಡು ಹಲ್ಲಣ್ಣನ ಕಣ್ಣು ತೇವವಾಯಿತು. ಇನ್ನು ಮುಂದೆ ಇಬ್ಬರೂ ಹೀಗೇ ಕಣ್ಣು ಮುಚ್ಚಿ ಸಿನಿಮಾ ನೋಡುತ್ತಿರಬಹುದು ಅಂದುಕೊಂಡ.

"ಅಯ್ಯೋ, ಹಾಗಾದ್ರೆ ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋದು ಹೇಗೆ?" ಎಂದವಳೇ ಒಳಕ್ಕೆ ಕೂಗಿದಳು. "ಎಕ್ಸ್‌ರೇ ಅವ್ರೇ, ನೀವು ಕಣ್ಣು ಬಿಟ್ಕೊಂಡು ನೋಡ್ತೀರಲ್ವಾ? ಬನ್ನಿ ಇಲ್ಲಿ. ಹಲ್ಲಣ್ಣ, ಸ್ವಲ್ಪ ಸರೀರಿ. ಅವ್ರು ಮಧ್ಯ ಕೂತ್ರೆ ಇಬ್ರಿಗೂ ಕೇಳ್ಸತ್ತೆ."

ಎಕ್ಸ್‌ರೇಯವನು ಮಧ್ಯೆ ಕೂತು ಬಾಯಿ ಚಪ್ಪರಿಸಿಕೊಂಡು ಕೊಲೆಯ ವರ್ಣನೆ ಶುರುಮಾಡಿದ. ಚಾಕು ಮತ್ತೆ ಬಂತು. ಅವಳು ಚೀರಿ, ಕಣ್ಣು ಮುಚ್ಚಿ, ಪಕ್ಕದ ಎಕ್ಸ್‌ರೇಯವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಲ್ಲಣ್ಣ ಮೊದಲ ಬಾರಿಗೆ ಕಣ್ಣು ಮುಚ್ಚದೆ ಎಲ್ಲವನ್ನೂ ನೋಡಿದ.